ಕಾಲಿಗೊಂದು ಕಾಲಂ

ವಾ ಪಟ್ಟಣದ ಈ ಕೋಣೆಯಲ್ಲಿ ಫ್ಯಾನು ಹಾಕಿದರೆ
ಅರ್ಜಿಯ ಹಾಳೆ ಹಾರುತ್ತದೆ,
ನಿಲ್ಲಿಸಿದರೆ ಬೆವರು ತೊಟ್ಟಿಕ್ಕಿ ಅಂಕಿ ಕದಡುತ್ತದೆ.
ಮೊಣಕೈಯಲ್ಲಿ ಹಾಳೆ ಒತ್ತಿಹಿಡಿದು ಬರೆಯುತ್ತೇನೆ:
ಗಾಜಿನ ನಳಿಕೆ, ಆರುನೂರು.
ಸೈಕಲ್ ಟೈರು, ನಾಲ್ಕು.
ಸೋಪು.
ಕಾಲು, ಎರಡು.

ಕಾಲು ತೆಗೆದುಬಿಡು ಅಂದರು ಡಾಕ್ಟರ್ ತೆಂಗಾನ್.
ದೂರದೇಶದಲ್ಲಿ ಕೂತು ಓದುವವರು ಗಾಬರಿಯಾಗುತ್ತಾರೆ,
'ಕ್ಷೇತ್ರ ಸಹಾಯಕ' ಎಂದು ಬರೆ.
ಬರೆದೆ. ಆದರೆ ಹೊಳೆದಂಡೆಯಲ್ಲಿ ಕೂರುವುದು
ಸಹಾಯಕನಲ್ಲ, ಝಿಯೆಮನ ಕಾಲು.

ಬೆಳಗಿನ ಏಳರಿಂದ ಸಂಜೆ ಆರರ ತನಕ
ಚಡ್ಡಿ ಮೇಲೆ ಸರಿಸಿ, ಬರಿಗಾಲು ಚಾಚಿ,
ಕಪ್ಪು ವೋಲ್ಟಾ ಬಂಡೆಗೆ ಬಡಿದು ಬೆಳ್ಳಗಾಗುವ ಕಡೆ
ಕರಿನೊಣಕ್ಕೆ ಕಾಯುತ್ತಾನೆ.
ಕೂತದ್ದು ಖಾತ್ರಿಯಾದ ಮೇಲೆ, ಕಚ್ಚುವುದಕ್ಕೆ ಮೊದಲು,
ಆ ಸಂದಿನಲ್ಲಿ ನಳಿಕೆ ಕವುಚಬೇಕು.
ಒಂದು ನಳಿಕೆಗೆ ಒಂದೇ ನೊಣ.
ನೊಣ ಹೊಡೆಯುವುದೆಂದರೆ ಕೆಲಸವಿಲ್ಲದೆ ಕೂರುವುದು ಅನ್ನುವವರು
ಒಂದು ತಾಸು ಅವನ ಪಕ್ಕ ಕೂತು ನೋಡಲಿ.

ನೊಣದ ಬಾಯಲ್ಲಿ ಹುಳ,
ಹುಳಕ್ಕೆ ಚರ್ಮದಡಿ ದಾರಿ,
ದಾರಿಯ ಕೊನೆಗೆ ಕಣ್ಣು.
ಇದನ್ನು ಇನ್ನೂರೈವತ್ತು ಪದಗಳಲ್ಲಿ ವಿವರಿಸಿ ಎಂದಿದ್ದಾರೆ.
ನನ್ನ ಸೋದರತ್ತೆ ಪೊಗ್ನಾ ಮೂರರಲ್ಲಿ ಮುಗಿಸುತ್ತಿದ್ದಳು:
"ಹೊಳೆ ನನ್ನನ್ನು ನೋಡಿತು."
ಪಿಟೋ ಕಾಯಿಸುವಾಗ ನೊರೆಯ ಸದ್ದು ಕೇಳಿಯೇ
ಉರಿ ತಗ್ಗಿಸುತ್ತಿದ್ದ ಅವಳನ್ನು
ಯಾವ ಕಾಲಂನಲ್ಲಿ ಕೂರಿಸಲಿ?
'ಹಿನ್ನೆಲೆ' ಅನ್ನುತ್ತದೆ ಫಾರಮ್ಮು.

ಹೋದ ವರ್ಷ ಅಲ್ಲಿಂದ ಬಂದ ಉತ್ತರ:
ಮನುಷ್ಯನನ್ನು ಎರೆಯಾಗಿಡುವುದು ಸರಿಯೇ?
ಬಲೆ ಬಳಸಬಾರದೇಕೆ?
ನ್ಯಾಯವಾದ ಪ್ರಶ್ನೆ. ಝಿಯೆಮನಿಗೆ ಓದಿ ಹೇಳಿದೆ.
ಮೀನಗಂಡದ ಮೇಲಿನ ಕಲೆ ತುರಿಸಿಕೊಳ್ಳುತ್ತ ಕೇಳಿದ,
"ಬಲೆಗೆ ಸಂಬಳ ಎಷ್ಟು?"

ಬಲೆ ಬಂತು. ಕಿಟಕಿಯಂಥ ಚೌಕಟ್ಟು,
ನೀಲಿ ಬಟ್ಟೆ, ಕಪ್ಪು ಬಟ್ಟೆ, ಅಂಟು.
ನೊಣ ಬರಲಿಲ್ಲ.
ಮನುಷ್ಯನ ವಾಸನೆ ಬೇಕಂತೆ, ತೊಟ್ಟ ಕಾಲುಚೀಲ ಕಟ್ಟಬೇಕಂತೆ.
ತೊಟ್ಟ ಕಾಲುಚೀಲಕ್ಕೆ ರಸೀದಿ ಯಾರು ಕೊಡುತ್ತಾರೆ?
ಹೊಸದು ಕೊಂಡು, ರಸೀದಿ ಅಂಟಿಸಿ, ಝಿಯೆಮನಿಗೆ ಕೊಟ್ಟೆ:
ಮೂರು ದಿನ ಹಾಕಿಕೊಂಡಿರು, ತೊಳೆಯಬೇಡ.
ಜೀವಮಾನದಲ್ಲೇ ಮೊದಲ ಸಲ ಕಾಲುಚೀಲ ತೊಟ್ಟವನು
ಅಂಗಳದಲ್ಲಿ ಮದುಮಗನ ಹಾಗೆ ಅಡ್ಡಾಡಿದ.
ಹೆಂಡತಿ ಮೂಗು ಮುಚ್ಚಿಕೊಂಡಳು,
ನೊಣಗಳು ಮೆಚ್ಚಿಕೊಂಡವು.
ಆದರೂ ಲೆಕ್ಕ ಹೇಳುವುದು ಬೇರೆ:
ಕಾಲುಚೀಲ ನೇತಾಡಿದರೆ ಹನ್ನೊಂದು,
ಕಾಲೇ ಕೂತರೆ ನಲವತ್ತು.

ಕೊನೆಯ ಪ್ರಶ್ನೆಗೆ ಬಂದಿದ್ದೇನೆ.
ಯೋಜನೆಯ ಯಶಸ್ಸು ಹೇಗೆ ಕಾಣಿಸುತ್ತದೆ?
ಕಾಣಿಸುವುದಿಲ್ಲ, ಸ್ವಾಮಿ.
ಆರು ಸಾವಿರ ನೊಣ ಅರೆದು ಸೋಸಿದರೂ
ಹುಳದ ಸುಳಿವು ಸಿಗದಿದ್ದರೆ ಅದು ಯಶಸ್ಸು.
ಸೊನ್ನೆ. ದುಂಡಗೆ, ರೆಪ್ಪೆಯಿಲ್ಲದ ಕಣ್ಣಿನ ಹಾಗೆ.
ಸೊನ್ನೆ ಬಂದ ಹೊಳೆಗೆ ಹಣ ನಿಲ್ಲುತ್ತದೆ.
ನಿಂತ ಮೇಲೆ ಆ ಸೊನ್ನೆ ಇನ್ನೂ ಸೊನ್ನೆಯೇ ಎಂದು
ಕಾದು ನೋಡುವವರ ಹೆಸರು
ಈ ಫಾರಮ್ಮಿನ ಹದಿನೇಳು ಪುಟಗಳಲ್ಲಿ ಎಲ್ಲೂ ಇಲ್ಲ.

ಮಾರ್ಚಿಯಿಂದ ಸಂಬಳವಿಲ್ಲ.
ಹೋಗಬೇಡ ಅಂದಿದ್ದೆ, ಜೋಳದ ಗದ್ದೆ ನೋಡಿಕೋ ಅಂದಿದ್ದೆ.
ಈಗ ಫೋನು.
ಹಿಂದೆ ನೀರಿನ ಸದ್ದು, ಮಕ್ಕಳು ಈಜುವ ಸದ್ದು.
"ಇವತ್ತು ಏಳು. ನಳಿಕೆ ಮುಗಿದಿದೆ,
ಮಗಳ ಕೆಮ್ಮಿನ ಔಷಧದ ಶೀಶೆಗೆ ಹಾಕಿದ್ದೇನೆ,
ಎಲ್ಲ ಒಂದೇ ಶೀಶೆಗೆ, ತಪ್ಪಾಯಿತೇನೋ.
ಬರೆದುಕೊಂಡೆಯಾ?"

ಬರೆದುಕೊಂಡೆ ಅಂದೆ.
ಮೊಣಕೈ ಎತ್ತಿ, ಪೆನ್ನು ಹುಡುಕುತ್ತ.