ತಿತಿಮತಿಯಲ್ಲಿ ಮೂವತ್ತೆಂಟು

ಪೊನ್ನಂಪೇಟೆ ಕಾಲೇಜಿನ ಮೂರನೇ ಲ್ಯಾಬಿನಲ್ಲಿ
ವೈರು ಒಂದೂ ಇಲ್ಲ. ಇರುವುದು ಒಂದು ಲ್ಯಾಪ್‌ಟಾಪು,
ಅದರ ಹೊಟ್ಟೆಯೊಳಗೆ ಮೂರು ಸ್ವಿಚ್ಚು, ಎರಡು ಗಣಕ,
ನಡುವೆ ಬರೀ ಬರೆದ ದಾರಿ.

ಜಸೀರಾ ಸ್ವಿಚ್ಚುಗಳಿಗೆ ಹೆಸರಿಟ್ಟಿದ್ದಾಳೆ:
ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು.
ಅವಳಪ್ಪ ಪಿಕಪ್ಪಿನಲ್ಲಿ ಶುಂಠಿ ಒಯ್ಯುವ ದಾರಿ.
ಕಾಡಿನ ಈ ಗೇಟಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರಂತೆ,
ಆ ಗೇಟಲ್ಲಿ ಇಸಿದುಕೊಳ್ಳುತ್ತಾರಂತೆ.
ಬೇಗ ಬಂದರೆ ದಂಡ. ತಡವಾದರೆ ಪ್ರಶ್ನೆ.

ನಮ್ಮದೂ ಅಷ್ಟೇ ಕೆಲಸ:
ಬೇರೆ ದೂತನಿಲ್ಲ, ಬೇರೆ ಪತ್ರವಿಲ್ಲ,
ಹೋಗುವ ಪ್ಯಾಕೆಟ್ಟಿನ ಬೆನ್ನ ಮೇಲೇ ಬರೆಯುವುದು
ಯಾವ ಸ್ವಿಚ್ಚು, ಎಷ್ಟು ಹೊತ್ತು ನಿಂತೆ,
ನಿನಗಿಂತ ಮುಂದೆ ಸಾಲಿನಲ್ಲಿ ಎಷ್ಟು ಮಂದಿ.

ಮೊದಲು ಒಂದೂ ತಲುಪಲಿಲ್ಲ.
ಹೊರಟದ್ದು ಕಾಣುತ್ತದೆ, ಕೊನೆಯ ಬಾಗಿಲ ತನಕ
ಬಂದದ್ದೂ ಕಾಣುತ್ತದೆ. ಆಚೆಗೆ ಇಲ್ಲ.
ಮೂರು ಸಂಜೆ ಹುಡುಕಿದೆವು. ಎರಡು ಸಲ ಕರೆಂಟು ಹೋಯಿತು.
ಆನೆಚೌಕೂರಲ್ಲಿ ಚೀಟಿಗಳನ್ನು ಕಿತ್ತುಕೊಂಡಿದ್ದೆವು,
ಉದ್ದದ ಅಂಕಿ ತಿದ್ದಿರಲಿಲ್ಲ.
ಇಲ್ಲದ ಮೂವತ್ತಾರು ಬೈಟಿಗೆ ಲೆಕ್ಕ ಕೇಳಿ
ಗಣಕ ಬಂದದ್ದನ್ನೆಲ್ಲ ಚೆಲ್ಲುತ್ತಿತ್ತು,
ಕಾಫಿ ಗೋದಾಮಿನ ರೈಟರ್ ಬೊಪ್ಪಣ್ಣನವರ ಹಾಗೆ:
ಚೀಲ ಸರಿ, ಚೀಟಿ ತಪ್ಪು, ವಾಪಸ್.

ಒಂದು ಸಾಲು ಸೇರಿಸಿದಳು. ಅದರಲ್ಲೊಂದು ಕಳೆಯುವ ಚಿಹ್ನೆ.

ಬರತೊಡಗಿದವು. ಸೊನ್ನೆ, ಸೊನ್ನೆ, ಸೊನ್ನೆ.
‘ಏನೂ ಇಲ್ವಲ್ಲ ಸಾರ್.’
ಇದೆ, ಎಂದೆ, ಯಾರೂ ಕಾಯಲಿಲ್ಲ ಅನ್ನುವುದನ್ನೂ
ಒಬ್ಬರು ನಿಂತು ಬರೆದಿದ್ದಾರೆ.
(ಹೇಳಿದ ಮೇಲೆ ನನಗೇ ಹೆಚ್ಚಾಯಿತು ಅನಿಸಿತು.)

ತಿತಿಮತಿಯಾಚೆ ದಾರಿಯನ್ನು ಕಿರಿದು ಮಾಡಿದಳು,
ಇತ್ತಿಂದ ಒಂದೇ ಸಮ ನೂಕಿದಳು.
ಎರಡು. ಒಂಬತ್ತು. ಇಪ್ಪತ್ತೊಂದು. ಮೂವತ್ತೆಂಟು!
ಚಪ್ಪಾಳೆ ತಟ್ಟಿದಳು. ರಸ್ತೆ ಕಟ್ಟಿಕೊಂಡದ್ದಕ್ಕೆ
ಇಡೀ ಕೊಡಗಿನಲ್ಲಿ ಖುಷಿಪಟ್ಟವಳು
ಅವಳೊಬ್ಬಳೇ ಇರಬೇಕು.

ಆಚೆ ತುದಿಯ ಗಣಕಕ್ಕೆ ಇದೊಂದೂ ಗೊತ್ತಿಲ್ಲ.
ಅದಕ್ಕೆ ಸಿಕ್ಕಿದ್ದು ಮೈ ತೊಳೆದ ಪ್ಯಾಕೆಟ್ಟು,
ಒಳಗೆ, ಕಳಿಸಿದಷ್ಟೇ: ಹಲೋ.

ಏಳೂವರೆಯ ಬಸ್ಸು ದೇವರಪುರ ದಾಟಿ ನಿಂತಿತು.
ರಸ್ತೆಯಲ್ಲಿ ಆನೆ, ಕಾಲಡಿಯಲ್ಲಿ ಮರಿ.
ಡ್ರೈವರು ಲೈಟು ಆರಿಸಿದ. ಕಿಟಕಿಯಿಂದ ಎಣಿಸಿದೆ:
ನಮ್ಮ ಮುಂದೆ ಎರಡು ಜೀಪು, ಒಂದು ಹಾಲಿನ ವ್ಯಾನು,
ನಿಂತದ್ದು ಇಪ್ಪತ್ತಾರು ನಿಮಿಷ.
ಮರಿಗೆ ಅವಸರವಿರಲಿಲ್ಲ.

ಯಾಕೆ ತಡ, ಎಂದರು ಮನೆಯಲ್ಲಿ.
ಬಸ್ಸು ಲೇಟು, ಎಂದೆ.