ಏಳು ಸಾಲು

ಪಿಳ್ಳಕ್ಕನ ಹೊಂಗೆಯ ನೆರಳು
ಬದು ದಾಟಿ ನನ್ನ ರಾಗಿಯ ಮೇಲೆ ಬೀಳುತ್ತದೆಂದು
ಮೂರು ವರ್ಷ ಜಗಳ.
ಒಮ್ಮೆ ಕುಡುಗೋಲು ಹಿಡಿದು ಎರಡು ಕೊಂಬೆ ಸವರಿದ್ದೆ;
ಬಯ್ಯಲಿಲ್ಲ ಅವಳು. ಸೊಪ್ಪು ಹೊತ್ತು ಹೋಗಿ
ತನ್ನ ಹೊಲಕ್ಕೇ ಹಾಸಿದಳು.

ಈ ಸಲ ಚಿತ್ತೆ ಮಳೆ ಕೈಕೊಟ್ಟಿತು.
ದೇವನಹಳ್ಳಿಯ ಮೇಲೆ ಮೋಡಕ್ಕಿಂತ
ಬೆಂಗಳೂರಿಗೆ ಇಳಿವ ವಿಮಾನವೇ ಹೆಚ್ಚು.
ತೆನೆ ಕಟ್ಟುವ ಹೊತ್ತಿಗೆ ಹೊಲವೆಲ್ಲ ಸುರುಟಿ
ಹಸಿರು ಉಳಿದದ್ದು ಬದುವಿನಗುಂಟ
ಏಳೇ ಸಾಲು.
ಗಿಡ್ಡ ಪೈರು, ಆದರೂ ಕಾಳು ಗಟ್ಟಿ.
ಮೊಣಕಾಲೂರಿ ಮಣ್ಣು ಮುಟ್ಟಿದೆ:
ತಂಪು.

ಸಂಜೆ ಅವಳ ಬಾಗಿಲಿಗೆ ಹೋಗಿ
ಹೊಂಗೆ ಸಸಿ ನಾಲ್ಕು ಕೊಡು ಅಂದೆ.
ಅವರೆ ಬಿಡಿಸುತ್ತ ತಲೆಯೆತ್ತಲಿಲ್ಲ:
"ಕೊಡ್ತೀನಿ. ಆ ಕಡೆ ಬದು ಮ್ಯಾಲೆ ನೆಡು.
ಪಟಾಲಪ್ಪನ ಜೊತೆ ನೀನೂ ಒಸಿ
ಜಗಳ ಆಡೀವಂತೆ."