ನೂಲುಂಡೆಯ ಗುಂಡಿ

ಸೊಹಾರ್ ಬಂದರಿನ ಹಿಂದೆ, ಎರಡನೇ ಪೋರ್ಟಾಕ್ಯಾಬಿನ್ನು.
ರಾತ್ರಿ ಎಂಟೂವರೆ. ಎ.ಸಿ. ಗೊರಗುಟ್ಟುತ್ತದೆ.
ಕುರ್ಚಿ ಎಳೆದುಕೊಂಡು ಮುತಸಿಂ ಹೇಳಿದ:
"ಒಂದರ ಎಡಗಡೆ ಇದೆಯಲ್ಲ, ಅದನ್ನು ಮೂರು ಸಲ ಒತ್ತು."
ಆ ಕೀಲಿಯ ಮೇಲೆ ಅರಬಿಯ ಧಾಲ್,
ತಲೆಗೊಂದು ಚುಕ್ಕಿ ಇಟ್ಟುಕೊಂಡು.
ಏಳು ವರ್ಷದಿಂದ ಇದೇ ಕೀಬೋರ್ಡು,
ಆ ಮನೆಯ ಕದ ಮಾತ್ರ ತಟ್ಟಿರಲಿಲ್ಲ.

ಮೂರು ಓರೆ ಗೀಟು: ಇಲ್ಲಿಂದ ಲೆಕ್ಕದ ಸೀಮೆ.
ಮತ್ತೆ ಮೂರು: ಮುಗಿಯಿತು, ಇನ್ನು ಮಾತು.
ಒಂದೇ ಹಾಳೆಯಲ್ಲಿ ಎರಡೂ ಸಂಸಾರ ಮಾಡುತ್ತವಂತೆ.
ಎರಡಕ್ಕೆ ಎರಡು ಕೂಡಿಸು ಎಂದು ಬರೆದೆ, ನಾಚಿಕೆಯಾಯಿತು.
ಕೆಳಗೆ ನಾಲ್ಕು ಬಂದು ಕೂತಿತು,
ಕರೆದದ್ದೇ ತಡ ಎಂಬಂತೆ.

ನೆತ್ತಿಯಲ್ಲಿ ಹೆಸರು: ದಿನದ ಬಿಸಿಲ ವರದಿ.
ಬರೆದವರು: ಪ್ರೆಸಿಲ್ಲಾ ಡೇಸಾ, ಸುರಕ್ಷಾ ವಿಭಾಗ.
ತಾರೀಕು ತಾನೇ ಹಾಕಿಕೊಳ್ಳುತ್ತದೆ.
ಇಷ್ಟು ದಿನ ನನ್ನ ಕಸುಬೇ ಬೇರೆ:
ನಿನ್ನೆಯ ಫೈಲು ತೆರೆ, ತಾರೀಕು ಅಳಿಸು,
ಯಾರ್ಡಿನ ಮೀಟರು ಕೊಟ್ಟ ಅಂಕಿ ಅಂಟಿಸು,
ಕೊನೆಯ ಸಾಲು ಮುಟ್ಟಬೇಡ:
"ಇಂದು ಕೆಲಸ ನಿಲ್ಲಿಸುವ ಅಗತ್ಯ ಕಂಡುಬಂದಿಲ್ಲ."
ಆ ಸಾಲು ನನಗಿಂತ ಹಳೆಯದು.
ಹಿಂದಿನ ಗುಮಾಸ್ತ ಬಿಟ್ಟುಹೋದ ಚಾ ಕಪ್ಪಿನ ಹಾಗೆ
ಅಲ್ಲೇ ಇತ್ತು. ತೊಳೆಯದೆ ಬಳಸಿದೆ.

"ಅದನ್ನು ಬಿಚ್ಚು. ಒಳಗೊಂದು ಇಫ್ ಇಡು" ಎಂದ.
ಅವನ ಇಫ್ ವಾಕ್ಯದ ಬಾಗಿಲಲ್ಲೇ ನಿಲ್ಲುತ್ತದೆ,
ನನ್ನ ಕನ್ನಡದ್ದು ಬಾಲದಲ್ಲಿ ಒಂದು 'ರೆ'.
ಗೆರೆ ದಾಟಿದರೆ ಹೀಗೆ, ದಾಟದಿದ್ದರೆ ಹಾಗೆ.
"ಇನ್ನು ಅದು ನಿನ್ನನ್ನು ಕೇಳಿ ಮಾತಾಡುವುದಿಲ್ಲ."

ಮೊದಲ ಸಲ ಕೆಂಪಗೆ ಬೈಯಿತು: ಆವರಣ ಮುಚ್ಚಿಲ್ಲ.
ಎರಡನೇ ಸಲ ಫೈಲು ಸಿಗಲಿಲ್ಲ,
ಹೆಸರಿನ ನಡುವೆ ಒಂದು ಸ್ಪೇಸ್ ಹೆಚ್ಚಿತ್ತು, ಅಷ್ಟಕ್ಕೇ ಮುನಿಸು.
ಓಮ್ದುರ್ಮಾನಿಗೆ ಲೈನ್ ಸಿಕ್ಕಿತೆಂದು
ಮುತಸಿಂ ಫೋನು ಕಿವಿಗೊತ್ತಿ ಹೊರಗೋಡಿದ.

ಗುಂಡಿಯ ಮೇಲೆ ನೂಲುಂಡೆ, ಅದಕ್ಕೆ ಚುಚ್ಚಿದ ಕಡ್ಡಿ.
ಹೆಣೆ, ಅನ್ನುತ್ತದೆ.
ಇಗರ್ಜಿಯ ಪೀಠಕ್ಕೆ ಕ್ರೋಶಾ ಹೆಣೆಯುವಾಗ ಅಮ್ಮ
ಒಂದು ಕಣ್ಣು ತಪ್ಪಿದ್ದರೂ
ಅಲ್ಲಿಯವರೆಗೆ ಬಿಚ್ಚುತ್ತಿದ್ದಳು, ಗೊಣಗದೆ.

ಮೂರನೇ ಸಲ ಬಂತು, ಚೆಂದದ ಹಾಳೆ.
ಖುಷಿಗೆ, ಸುಮ್ಮನೆ ನೋಡೋಣವೆಂದು
ಹೋದ ಜುಲೈಯ ಅಂಕಿಗಳನ್ನು ಉಣಿಸಿದೆ.

ಹದಿನಾಲ್ಕು: ಕೆಲಸ ನಿಲ್ಲಿಸಬೇಕು.
ಹದಿನೈದು: ಕೆಲಸ ನಿಲ್ಲಿಸಬೇಕು.
ಹತ್ತೊಂಬತ್ತು.

ಹತ್ತೊಂಬತ್ತರಂದು ಸಾರುವೆಯಿಂದಿಳಿದ ಡಿಲ್ಲಿರಾಮ್
ನೀರಿನ ಡ್ರಮ್ಮಿಗೆ ಒರಗಿದವನು ಏಳಲಿಲ್ಲ.
ಉಪ್ಪು ಸಕ್ಕರೆ ಕಲಸಿ ಕುಡಿಸಿದವಳು ನಾನೇ,
ಒಳಬಂದು ಅದೇ ಸಾಲು ಅಂಟಿಸಿದವಳೂ.
ಅವನಿಗೆ ಆರು ದಿನ ಆಸ್ಪತ್ರೆ, ಆಮೇಲೆ ಟಿಕೆಟ್ಟು.
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ತಿಂದದ್ದು ಯಾರು, ಕುಡಿದದ್ದು ಯಾರು.

"ಓಡಿತಾ?" ಬಾಗಿಲಲ್ಲಿ ಮುತಸಿಂ.
"ಓಡಿತು. ಮಗಳು?"
"ಮುಂದಿನ ಹಲ್ಲು ಬಿದ್ದಿದೆಯಂತೆ."

ಪ್ರಿಂಟರಿನಲ್ಲಿ ಕಾಗದ ಮುಗಿದಿತ್ತು.
ಕಪಾಟಿನಿಂದ ಹೊಸ ಕಟ್ಟು ತೆಗೆದು ಒಡೆದೆ.